ತಲೆಸುತ್ತಿಗೆ ಕುರ್ಚಿ ಮದ್ದಲ್ಲ

ಒಳಗಿವಿಯ ತೊಂದರೆಯಿಂದ ನನಗೆ ಹಲವು ವರ್ಷಗಳಿಂದ ತಲೆಸುತ್ತು. ಇದನ್ನು ಬಲ್ಲ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಬರುವಾಗ ವಿಟಮಿನ್ ಡಬ್ಬಿ ತರುತ್ತಾರೆ. ಹೋಗುವಾಗ ‘ಓಡಾಡಬೇಡಿ ಸರ್, ಸುಮ್ಮನೆ ಕೂತಿರಿ’ ಎನ್ನುತ್ತಾರೆ. ಪ್ರೀತಿಗೆ ನಮಸ್ಕಾರ, ಉಪದೇಶಕ್ಕೆ ನನ್ನ ವಿರೋಧವಿದೆ.

ಒಳಗಿವಿ, ಕಣ್ಣು, ಸ್ನಾಯು-ಕೀಲುಗಳು ಕಳಿಸುವ ಸುದ್ದಿಯನ್ನು ಮಿದುಳು ಹೊಂದಿಸಿಕೊಳ್ಳುವುದೇ ಸಮತೋಲನ. ಒಂದು ಕಿವಿ ಸೋತರೆ ಮಿದುಳು ಹೊಸದಾಗಿ ಪಾಠ ಕಲಿಯಬೇಕು. ಚಲನೆಯಿಲ್ಲದೆ ಆ ಕಲಿಕೆಯಿಲ್ಲ. ಇಂಗ್ಲೆಂಡಿನ ಕಾಥೋರ್ನ್ ಮತ್ತು ಕುಕ್ಸಿ ಎಂಬ ವೈದ್ಯರು 1940ರ ದಶಕದಲ್ಲೇ ಕಣ್ಣು, ತಲೆ, ಮೈಗಳನ್ನು ಹಂತಹಂತವಾಗಿ ಪಳಗಿಸುವ ವ್ಯಾಯಾಮಕ್ರಮವನ್ನು ರೂಪಿಸಿದರು.

ಗುಳಿಗೆ ವ್ಯರ್ಥವೆನ್ನಲಾರೆ. ಒಳಗಿವಿಯ ಸುಣ್ಣದ ಹರಳುಗಳು ಜಾರುವುದರಿಂದ ಬರುವ ತಲೆಸುತ್ತಿನಲ್ಲಿ, ವಿಟಮಿನ್ ಡಿ ಕೊರತೆಯಿದ್ದವರಿಗೆ ಅದನ್ನೂ ಕ್ಯಾಲ್ಸಿಯಮನ್ನೂ ಕೊಟ್ಟಾಗ ಮರುಕಳಿಕೆ ತಗ್ಗಿತೆಂದು 2020ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನ ಹೇಳಿತು. ಆದರೆ ಅದು ರಕ್ತ ಪರೀಕ್ಷಿಸಿ ಕೊಟ್ಟದ್ದು, ಒಂದು ಬಗೆಯ ತಲೆಸುತ್ತಿಗೆ ಮಾತ್ರ. ವಿಟಮಿನ್ ಡಿ ಅತಿಯಾದರೆ ಮೂತ್ರಪಿಂಡಕ್ಕೇ ಕೇಡು.

ಮನೆಯ ಹಿರಿಯರನ್ನು ಮೊದಲು ವೈದ್ಯರಿಗೆ ತೋರಿಸಿ. ಅವರು ಒಪ್ಪಿದರೆ ಕೈಹಿಡಿದು ನಡೆಸಿ, ಕುರ್ಚಿಗೆ ಕಟ್ಟಿಹಾಕಬೇಡಿ. ಕೂತಷ್ಟೂ ಕಾಲಿನ ಬಲ ಕುಂದುತ್ತದೆ, ಭಯ ಬೆಳೆಯುತ್ತದೆ, ಬೀಳುವ ಅಪಾಯ ಹೆಚ್ಚುತ್ತದೆ. ಮುಂದಿನ ಸಲ ಡಬ್ಬಿಯ ಬದಲು ಅರ್ಧ ಗಂಟೆ ಬಿಡುವು ಮಾಡಿಕೊಂಡು ಬನ್ನಿ, ಜೊತೆಯಾಗಿ ನಡೆಯೋಣ.