ಜೊತೆಗೆ ನಿಲ್ಲುವ ಧೈರ್ಯ

ಧೈರ್ಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ರಣರಂಗ, ಇಲ್ಲವೆ ಸೆರೆಮನೆ. ಅಂಥ ಧೈರ್ಯ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಊಟದ ಮನೆಯಲ್ಲಿ ಇಪ್ಪತ್ತು ಮಂದಿ ಒಬ್ಬನನ್ನು ನೋಡಿ ನಗುತ್ತಿರುವಾಗ, "ಸಾಕು, ನಿಲ್ಲಿಸಿ" ಎನ್ನುವುದಕ್ಕೆ ಬೇಕಾದ ಧೈರ್ಯವೊಂದುಂಟು. ನನ್ನಲ್ಲಿ ಅದು ಇರಲಿಲ್ಲ. ಆ ಕೊರತೆಯನ್ನು ಒಪ್ಪಿಕೊಂಡು, ಅದರಿಂದ ನಾನು ಕಲಿತುದನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ವರ್ಷ ನಾನಿದ್ದ ವಿದ್ಯಾರ್ಥಿನಿಲಯದಲ್ಲಿ ನನ್ನ ಸ್ನೇಹಿತನೊಬ್ಬನಿದ್ದ. ಅವನ ಹೆಸರು ಬೇಡ; ಇಷ್ಟನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. ತನ್ನ ಮನಸ್ಸು ಹೆಣ್ಣಿನತ್ತ ಹರಿಯದೆ ಗಂಡಿನತ್ತ ಹರಿಯುವುದೆಂಬುದನ್ನು ಅವನು ನಂಬಿಕೆಯಿಂದ ಒಬ್ಬನಿಗೆ ಹೇಳಿದ. ಒಬ್ಬನ ಕಿವಿಗೆ ಬಿದ್ದುದು ವಾರದೊಳಗೆ ನಿಲಯಕ್ಕೆಲ್ಲ ಹಬ್ಬಿತು. ಬಚ್ಚಲುಮನೆಯ ಗೋಡೆಯ ಮೇಲೆ ಅವನ ಹೆಸರಿನ ಜೊತೆಗೆ ಹೊಲಸು ಮಾತು ಕಾಣಿಸಿಕೊಂಡಿತು. ಅವನು ತಟ್ಟೆ ಹಿಡಿದು ಬಂದರೆ ಬೆಂಚಿನ ಮೇಲಿದ್ದವರು ದೂರ ಸರಿಯುವರು, ಯಾರೋ ಒಬ್ಬ ಅವನ ನಡಿಗೆಯನ್ನು ಅಣಕಿಸುವನು, ಉಳಿದವರು ನಗುವರು. ನಾನೂ ನಕ್ಕೆ. ಜೋರಾಗಿ ಅಲ್ಲ, ನಗದಿದ್ದರೆ ನನ್ನತ್ತ ತಿರುಗಿಯಾರೆಂಬ ಭಯಕ್ಕೆ ಸಾಲುವಷ್ಟು ನಕ್ಕೆ.

ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನ ಕೋಣೆಗೆ ಹೋಗಿ, "ಬೇಸರಪಡಬೇಡ, ನಾನು ನಿನ್ನ ಕಡೆ ಇದ್ದೇನೆ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಹನ್ನೊಂದಕ್ಕೆ ಹೇಳಿದುದನ್ನು ಬೆಳಿಗ್ಗೆ ಎಂಟಕ್ಕೆ ಊಟದ ಮನೆಯಲ್ಲಿ ಹೇಳುತ್ತೀಯಾ?" ಎಂದು ಕೇಳಿದ. ನನ್ನಿಂದ ಉತ್ತರ ಬರಲಿಲ್ಲ. ಮುಂದಿನ ತಿಂಗಳು ಅವನು ನಿಲಯವನ್ನೇ ಬಿಟ್ಟ. ಈಗ ದಿನವೂ ಎರಡು ಬಸ್ಸು ಬದಲಾಯಿಸಿ ಕಾಲೇಜಿಗೆ ಬರುತ್ತಾನೆ.

ಆ ಪ್ರಶ್ನೆಗೆ ಉತ್ತರ ನನಗೆ ದೊರೆತುದು ನಾನು ನಿರೀಕ್ಷಿಸದ ಕಡೆಯಿಂದ. ನನ್ನ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಅಂದಿನಿಂದ ನನ್ನ ತಂದೆ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ದುಡಿದು ಬರುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಚರಿತ್ರೆಯ ಪಾಠದಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರ ಮುಷ್ಕರದ ಮಾತು ಬಂದಾಗ, ಪರೀಕ್ಷೆಗೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಅದನ್ನು ಓದಿದೆ.

೧೯೮೪ರ ಮಾರ್ಚಿಯಲ್ಲಿ, ಕಲ್ಲಿದ್ದಲ ಗಣಿಗಳನ್ನು ಮುಚ್ಚುವ ಯೋಜನೆಯನ್ನು ವಿರೋಧಿಸಿ ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮಾರ್ಗರೆಟ್ ಥ್ಯಾಚರರ ಸರಕಾರ ಮಣಿಯಲಿಲ್ಲ. ಸಂಬಳವಿಲ್ಲದೆ ತಿಂಗಳುಗಳು ಕಳೆದವು. ಮಕ್ಕಳಿಗೆ ಅನ್ನ ಕಾಣಿಸುವುದೇ ಕಷ್ಟವಾಯಿತು. ಆಗ ಲಂಡನ್ನಿನಲ್ಲಿ ಮಾರ್ಕ್ ಆಷ್ಟನ್ ಎಂಬ ತರುಣನೂ ಅವನ ಗೆಳೆಯ ಮೈಕ್ ಜಾಕ್ಸನ್ನನೂ ಸಲಿಂಗ ಪ್ರೇಮಿಗಳ ಮೆರವಣಿಗೆಯೊಂದರಲ್ಲಿ ಬಕೀಟು ಹಿಡಿದು ಗಣಿಯವರಿಗಾಗಿ ಚಂದಾ ಎತ್ತಿದರು. ಇವರಿಬ್ಬರೂ ಸಲಿಂಗ ಪ್ರೇಮಿಗಳೇ. ಪೋಲೀಸರ ಪೆಟ್ಟು, ಪತ್ರಿಕೆಗಳ ನಿಂದೆ ಇವು ತಮಗೆ ಹೊಸತಲ್ಲ, ಈಗ ಗಣಿಯವರಿಗೂ ಅದೇ ಬಂದಿದೆ ಎಂಬುದು ಅವರ ತರ್ಕ. ಗಣಿಯವರು ತಮ್ಮನ್ನು ಮೆಚ್ಚುವರೋ ಇಲ್ಲವೋ ಎಂದು ಅವರು ಕಾಯಲಿಲ್ಲ. ಸಂಘವೊಂದನ್ನು ಕಟ್ಟಿ, ದಕ್ಷಿಣ ವೇಲ್ಸಿನ ಡುಲೈಸ್ ಕಣಿವೆಯ ಕುಟುಂಬಗಳಿಗೆ ನೆರವಾದರು. ಅವರು ಒಟ್ಟುಗೂಡಿಸಿದ ಹಣ ಇಪ್ಪತ್ತು ಸಾವಿರ ಪೌಂಡುಗಳಿಗೂ ಮಿಗಿಲು. ೧೯೮೪ರ ಡಿಸೆಂಬರ್ ೧೦ರಂದು ಲಂಡನ್ನಿನಲ್ಲಿ ಅವರು ಏರ್ಪಡಿಸಿದ ಸಂಗೀತ ಸಭೆಗೆ ಇಟ್ಟ ಹೆಸರಿನಲ್ಲಿ, ಜನ ತಮ್ಮನ್ನು ಬೈಯುತ್ತಿದ್ದ "ವಿಕೃತರು" ಎಂಬ ಮಾತನ್ನೇ ಸೇರಿಸಿಕೊಂಡರು. ಬೈಗುಳವನ್ನು ತಾವೇ ಎತ್ತಿ ಎದೆಗೆ ಸಿಕ್ಕಿಸಿಕೊಂಡವರನ್ನು ಅದರಿಂದ ಹೆದರಿಸುವುದು ಹೇಗೆ?

ಡುಲೈಸಿನ ಪರವಾಗಿ ಡೈ ಡೊನೊವನ್ ಎಂಬುವರು ಆ ಸಭೆಯಲ್ಲಿ ನಿಂತು, ನೀವು ನಮ್ಮ ಬಿಲ್ಲೆ ಧರಿಸಿದಿರಿ, ಇನ್ನು ನಿಮ್ಮ ಬಿಲ್ಲೆಯನ್ನು ನಾವು ಧರಿಸುವೆವು ಎಂಬರ್ಥದಲ್ಲಿ ಮಾತು ಕೊಟ್ಟರು. ೧೯೮೫ರ ಮಾರ್ಚಿಯಲ್ಲಿ ಮುಷ್ಕರ ಸೋತಿತು. ಸೋತವರಿಗೆ ಕೊಟ್ಟ ಮಾತನ್ನು ಮರೆಯಲು ನೆಪಗಳು ಬೇಕಾದಷ್ಟಿದ್ದವು. ಆದರೆ ಆ ಜೂನಿನಲ್ಲಿ ಲಂಡನ್ನಿನ ಸಲಿಂಗ ಪ್ರೇಮಿಗಳ ಮೆರವಣಿಗೆ ಹೊರಟಾಗ, ವೇಲ್ಸಿನ ಗಣಿಯವರು ತಮ್ಮ ಸಂಘದ ಧ್ವಜವನ್ನು ಹಿಡಿದು ಅದರ ಮುಂಭಾಗದಲ್ಲಿ ನಡೆದರು. ಅದೇ ವರ್ಷ ಲೇಬರ್ ಪಕ್ಷದ ಬೋರ್ನ್‌ಮತ್ ಸಮ್ಮೇಳನದಲ್ಲಿ ಸಲಿಂಗ ಪ್ರೇಮಿಗಳ ಸಮಾನ ಹಕ್ಕಿನ ನಿರ್ಣಯ ಅಂಗೀಕಾರವಾಗುವಲ್ಲಿ ಗಣಿ ಕಾರ್ಮಿಕರ ಒಕ್ಕೂಟದ ಮತಗಳೂ ನೆರವಾದವು. ಮಾರ್ಕ್ ಆಷ್ಟನ್ ೧೯೮೭ರಲ್ಲಿ, ತನ್ನ ೨೬ನೆಯ ವಯಸ್ಸಿನಲ್ಲಿ ತೀರಿಕೊಂಡ.

ಈ ಕಥೆಯನ್ನು ನನ್ನ ತಾತನಿಗೆ ಹೇಳಿದೆ. ಅವರು ಕೇಳಿದ ಪ್ರಶ್ನೆ ಒಂದೇ: "ಧ್ವಜ ತಮ್ಮದೇ ತಂದಿದ್ದರೋ?" ಹೌದೆಂದೆ. "ಸರಿ ಹಾಗಾದರೆ. ಅನ್ನ ಕೊಟ್ಟವರ ಹೆಸರು ಹೇಳಲು ನಾಚಿದರೆ ಆ ಅನ್ನ ಮೈಗೆ ಹತ್ತದು" ಎಂದರು.

ನನ್ನ ತಪ್ಪು ಎಲ್ಲಿತ್ತೆಂಬುದು ಆಗ ತಿಳಿಯಿತು. ಗಣಿಯವರು ರಾತ್ರಿ ಹನ್ನೊಂದಕ್ಕೆ ಬಂದು ಕೃತಜ್ಞತೆ ಹೇಳಿ ಹೋಗಲಿಲ್ಲ. ಹಗಲು ಹೊತ್ತಿನಲ್ಲಿ, ತಮ್ಮ ಸಂಘದ ಧ್ವಜದ ಕೆಳಗೆ ನಡೆದರು. ಗುಟ್ಟಿನ ಕನಿಕರದಿಂದ ಕನಿಕರಪಡುವವನ ಮನಸ್ಸು ಹಗುರವಾಗುವುದೇ ಹೊರತು, ನೋಯುತ್ತಿರುವವನ ಬೆಂಚಿನಲ್ಲಿ ಖಾಲಿಯಾದ ಜಾಗ ತುಂಬುವುದಿಲ್ಲ.

ಇದೆಲ್ಲ ಪರದೇಶದ ಮಾತು, ನಮ್ಮ ನಾಡಿಗೆ ಸಲ್ಲದು ಎಂದು ಕೆಲವರು ಆಕ್ಷೇಪಿಸಬಹುದು. ಪರದೇಶದಿಂದ ಬಂದುದು ಪ್ರೇಮವಲ್ಲ, ಅದನ್ನು ಅಪರಾಧವೆಂದ ಕಾನೂನು. ಭಾರತ ದಂಡ ಸಂಹಿತೆಯ ೩೭೭ನೆಯ ಕಲಮನ್ನು ೧೮೬೦ರಲ್ಲಿ ಬರೆದವರು ನಮ್ಮನ್ನಾಳಿದ ಬ್ರಿಟಿಷರು. ೨೦೦೯ರಲ್ಲಿ ದೆಹಲಿಯ ಹೈಕೋರ್ಟು ಅದರ ಬಿಗಿ ಸಡಿಲಿಸಿತು. ೨೦೧೩ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಗಿಯಿತು. ಆ ವಿಚಾರಣೆಯಲ್ಲಿ ಸಲಿಂಗ ಪ್ರೇಮಿಗಳ ತಂದೆತಾಯಿಗಳು ಕೆಲವರು ಮುಂದೆ ಬಂದು, ತಮ್ಮ ಮಕ್ಕಳ ಪರವಾಗಿ ತಮ್ಮ ಹೆಸರಿನಲ್ಲೇ ಅರ್ಜಿ ಹಾಕಿದ್ದರು. ಕಡೆಗೆ ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತರು. ಇವರಿಗೂ ಇವರ ಕುಟುಂಬಗಳಿಗೂ ಚರಿತ್ರೆ ಕ್ಷಮೆ ಕೇಳಬೇಕಾಗಿದೆ ಎಂದು ಅವರಲ್ಲೊಬ್ಬರಾದ ಇಂದೂ ಮಲ್ಹೋತ್ರಾ ಬರೆದರು. ಇದು ರೋಗವೆನ್ನುವವರಿಗೂ ಉತ್ತರ ಸಿಕ್ಕಿದೆ: ವಿಶ್ವ ಆರೋಗ್ಯ ಸಂಸ್ಥೆ ೧೯೯೦ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ವಿವಾಹದ ಹಕ್ಕನ್ನು ಮಾತ್ರ ೨೦೨೩ರಲ್ಲಿ ನ್ಯಾಯಾಲಯ ಮಾನ್ಯ ಮಾಡಲಿಲ್ಲ. ದಾರಿ ಇನ್ನೂ ಉಳಿದಿದೆ.

ಆದರೆ ನಗೆಯನ್ನು ಯಾವ ನ್ಯಾಯಾಲಯ ನಿಲ್ಲಿಸಬಲ್ಲುದು? ಗೋಡೆಯ ಬರಹವನ್ನು ಅಳಿಸಬೇಕಾದವರು ಆ ಬಚ್ಚಲುಮನೆಯಲ್ಲಿ ಮೀಯುವ ನಾವೇ. ಗುರುಗಳಲ್ಲೂ ಒಂದು ಬಿನ್ನಹ. ಒಬ್ಬನ ಲೈಂಗಿಕ ಒಲವನ್ನು ಹಿಡಿದು ಅವನನ್ನು ಪೀಡಿಸುವುದೂ ರ್‍ಯಾಗಿಂಗ್ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ ೨೦೧೬ರಲ್ಲೇ ತನ್ನ ನಿಯಮಕ್ಕೆ ಸೇರಿಸಿದೆ. ವರ್ಷದ ಆರಂಭದಲ್ಲಿ ರ್‍ಯಾಗಿಂಗ್ ವಿರುದ್ಧ ನಮಗೆ ಬುದ್ಧಿ ಹೇಳುವಾಗ ಈ ಒಂದು ವಾಕ್ಯವನ್ನೂ ಹೇಳುವಿರಾದರೆ, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತ ಯಾರೋ ಒಬ್ಬರು ತಲೆ ಎತ್ತಿಯಾರು.

ಉಳಿದುದು ನನ್ನನ್ನು ನಗುವಂತೆ ಮಾಡಿದ ಆ ಭಯ: "ಪರವಹಿಸಿದರೆ ನನ್ನನ್ನೂ ಹಾಗೆಯೇ ಎಂದಾರು." ಅನ್ನಲಿ. ಹಾಗಿರುವುದು ಅವಮಾನವಲ್ಲವೆಂದು ನಾನು ನಿಜವಾಗಿ ನಂಬುವುದಾದರೆ, ನನ್ನನ್ನು ಹಾಗೆಂದರೆ ಸಿಟ್ಟೇಕೆ ಬರಬೇಕು? ನಾನು ಅಲ್ಲ, ನಾನು ಅಲ್ಲ ಎಂದು ಓಡಿದಷ್ಟೂ, ಹೌದಾಗಿರುವವನನ್ನು ಒಂಟಿಯಾಗಿ ಹಿಂದೆ ಬಿಟ್ಟಂತಾಗುತ್ತದೆ.

ಈ ವರ್ಷ ಹೊಸದಾಗಿ ಬಂದ ಹುಡುಗನೊಬ್ಬನ ಮೇಲೆ ಅದೇ ಅಣಕ ಆರಂಭವಾದಾಗ, ಊಟದ ಮನೆಯಲ್ಲಿ ಎದ್ದು ನಿಂತು "ಸಾಕು" ಎಂದೆ. ಧ್ವನಿ ನಡುಗಿತು. ಕೆಲವರು ನನ್ನನ್ನೂ ಅದೇ ಹೆಸರಿನಿಂದ ಕರೆದರು. ಕೆಲವು ದಿನ ಕರೆದು ಬಿಟ್ಟರು. ಆ ಹುಡುಗ ಇನ್ನೂ ನಿಲಯದಲ್ಲಿದ್ದಾನೆ. ನನ್ನ ಸ್ನೇಹಿತ ಮಾತ್ರ ಈಗಲೂ ಎರಡು ಬಸ್ಸು ಬದಲಾಯಿಸಿಯೇ ಬರುತ್ತಾನೆ. ಅವನ ಪ್ರಶ್ನೆಗೆ ನನ್ನ ಉತ್ತರ ಒಂದು ವರ್ಷ ತಡವಾಯಿತು. ಆ ವರ್ಷವನ್ನು ನಾನು ಅವನಿಗೆ ಹಿಂದಿರುಗಿಸಲಾರೆ. ಈ ಲೇಖನದ ಕೆಳಗೆ ನನ್ನ ಹೆಸರನ್ನು ಪೂರ್ಣವಾಗಿ ಅಚ್ಚು ಹಾಕಿರೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.