ಬೆಳಕಿನ ಹಗ್ಗ ಎಷ್ಟು ಗಟ್ಟಿ?

ಇಂದಿನ ಯುಗವನ್ನು ವಿಜ್ಞಾನಯುಗವೆಂದು ಕರೆಯುವುದು ವಾಡಿಕೆ. ಆದರೆ ವಿಜ್ಞಾನದ ಹೆಸರಿನಲ್ಲಿ ಕಿವಿಗೆ ಬೀಳುವುದೆಲ್ಲವೂ ವಿಜ್ಞಾನವೆಂದು ನಂಬಲಾಗದು. ಚಲನಚಿತ್ರಗಳಲ್ಲಿ ಒಂದು ಆಕಾಶನೌಕೆ ಇನ್ನೊಂದರ ಮೇಲೆ ಬೆಳಕಿನ ಕಿರಣವನ್ನು ಬಿಡುತ್ತದೆ. ಆ ಇನ್ನೊಂದು ನೌಕೆ ಮೂಗುದಾರ ಹಾಕಿದ ಎತ್ತಿನಂತೆ ಕಿರಣದ ಹಿಂದೆಯೇ ಬರುತ್ತದೆ. ಇಂಥ ಕಿರಣಕ್ಕೆ ‘ಟ್ರ್ಯಾಕ್ಟರ್ ಬೀಮ್’ ಎಂದು ಹೆಸರು. ಅಮೆರಿಕದ ಕಥೆಗಾರ ಇ. ಇ. ಸ್ಮಿತ್ 1931ರಲ್ಲಿಯೇ ಈ ಮಾತನ್ನು ತನ್ನ ಕಥೆಯಲ್ಲಿ ಬಳಸಿದ್ದ. 1966ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನ ಮಾಲೆಯಿಂದ ಅದು ಮನೆಮಾತಾಯಿತು. ಈಗ ಮೊಬೈಲ್ ಫೋನುಗಳಲ್ಲಿ ‘ಲೇಸರಿನಿಂದ ವಸ್ತುಗಳನ್ನು ಎಳೆದ ವಿಜ್ಞಾನಿಗಳು’ ಎಂಬ ಸುದ್ದಿ ಆಗಾಗ ಹರಿದಾಡುತ್ತದೆ.

ಮಕ್ಕಳು “ಇದು ನಿಜವೇ?” ಎಂದು ಕೇಳುವುದು ಸಹಜ. ಹಿರಿಯರಲ್ಲಿ ಕೆಲವರು “ಎಲ್ಲಾ ಕಟ್ಟುಕಥೆ, ಓದಿಕೋ ಹೋಗು” ಎಂದು ಬಾಯಿ ಮುಚ್ಚಿಸುತ್ತಾರೆ. ಇನ್ನು ಕೆಲವರು “ಅವರು ಏನು ಬೇಕಾದರೂ ಮಾಡಬಲ್ಲರು” ಎಂದು ತಲೆದೂಗುತ್ತಾರೆ. ಈ ಎರಡು ಉತ್ತರಗಳೂ ಮಗುವಿನ ವಿಚಾರಶಕ್ತಿಯನ್ನು ಬೆಳೆಸಲಾರವು ಎಂಬುದು ನಮ್ಮ ಅಭಿಪ್ರಾಯ. ಇಂಥ ಸುದ್ದಿ ಬಂದಾಗ ಕೇಳಬೇಕಾದ ಪ್ರಶ್ನೆ ಬಹಳ ಚಿಕ್ಕದು: “ಎಷ್ಟು?” ಎಷ್ಟು ಭಾರ, ಎಷ್ಟು ದೂರ, ಎಷ್ಟು ಬೆಳಕು? ಈ ಪ್ರಶ್ನೆಯೊಂದನ್ನು ಹಿಡಿದುಕೊಂಡು ಬೆಳಕಿನ ಹಗ್ಗವನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ.

ಮೊದಲನೆಯದಾಗಿ, ಬೆಳಕು ವಸ್ತುಗಳನ್ನು ತಳ್ಳುತ್ತದೆ ಎಂಬುದು ಸತ್ಯ. ಧೂಮಕೇತುವಿನ ಬಾಲವು ಸೂರ್ಯನಿಗೆ ವಿಮುಖವಾಗಿರುವುದನ್ನು ಕಂಡು ಕೆಪ್ಲರ್ ಮಹಾಶಯನು ನಾಲ್ಕು ಶತಮಾನಗಳ ಹಿಂದೆಯೇ ಇದನ್ನು ಊಹಿಸಿದ್ದ. ಹೀಗೆ ತಳ್ಳಲೇಬೇಕೆಂದು ಮ್ಯಾಕ್ಸ್‌ವೆಲ್ ಗಣಿತದಿಂದ ತೋರಿಸಿದ. ರಷ್ಯಾದ ಲೆಬೆಡೆವ್ 1901ರ ಹೊತ್ತಿಗೆ ಅದನ್ನು ಅಳೆದೂ ತೋರಿಸಿದ. ಆದರೆ ಎಷ್ಟು ತಳ್ಳುತ್ತದೆ? ನಡುಹಗಲಿನ ಬಿಸಿಲು ಒಂದು ಚದರ ಮೀಟರ್ ನೆಲಕ್ಕೆ ಸುಮಾರು 1,000 ವ್ಯಾಟ್ ಶಕ್ತಿಯನ್ನು ತರುತ್ತದೆ. ಇದನ್ನು ಬೆಳಕಿನ ವೇಗದಿಂದ, ಅಂದರೆ ಸೆಕೆಂಡಿಗೆ 30 ಕೋಟಿ ಮೀಟರಿನಿಂದ ಭಾಗಿಸಿದರೆ ಬಲ ಸಿಗುತ್ತದೆ. ಲೆಕ್ಕ ಮಾಡಿ ನೋಡಿದರೆ, ನಮ್ಮ ಸೀಮೆಯ ಒಂದು ಎಕರೆ ಎರೆಹೊಲದ ಮೇಲೆ ಬೀಳುವ ಇಡೀ ಬಿಸಿಲು ಆ ಹೊಲವನ್ನು ಒತ್ತುವುದು ಸುಮಾರು ಒಂದೂವರೆ ಗ್ರಾಂ ತೂಕದಷ್ಟು ಬಲದಿಂದ ಮಾತ್ರ. ಮೂರು ಶೇಂಗಾ ಬೀಜದ ಭಾರ! ಬೇಸಿಗೆಯ ಬಿಸಿಲು ತಲೆಯ ಮೇಲೆ ಬಂಡೆಯಂತೆ ಕೂತಿದೆ ಎಂದು ನಾವು ಹೇಳುವುದುಂಟು. ಅದು ಕಾವಿನ ಭಾರವೇ ಹೊರತು ಬೆಳಕಿನ ಭಾರವಲ್ಲ.

ಹಾಗಾದರೆ ಒಂದು ಕಿಲೋ ತೂಕವನ್ನು ಬೆಳಕಿನಿಂದಲೇ ಎತ್ತಿ ಹಿಡಿಯಲು ಏನು ಬೇಕು? ತುಂಗಭದ್ರೆಯ ಆಚೆ, ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಅಲ್ಲಿ ನಿರ್ಮಿಸಿದ ಎಂಟು ಘಟಕಗಳ ಸಾಮರ್ಥ್ಯ ಒಟ್ಟು 1,720 ಮೆಗಾವ್ಯಾಟ್. ಅಷ್ಟೂ ವಿದ್ಯುತ್ತು ಒಂದು ಚೂರೂ ಪೋಲಾಗದೆ ಬೆಳಕಾಯಿತೆಂದೂ, ಆ ಬೆಳಕನ್ನೆಲ್ಲ ಕೆಳಗಿನಿಂದ ಒಂದು ಕನ್ನಡಿಗೆ ಬಿಟ್ಟೆವೆಂದೂ ಇಟ್ಟುಕೊಳ್ಳಿ. ಕನ್ನಡಿಯಿಂದ ಬೆಳಕು ಹಿಂದಿರುಗುವುದರಿಂದ ಬಲ ಇಮ್ಮಡಿಯಾಗುತ್ತದೆ. ಆದರೂ ಸಿಗುವುದು ಸುಮಾರು 11.5 ನ್ಯೂಟನ್. ಅಂದರೆ ಒಂದು ಕಿಲೋ, ಮೇಲೆ ಸುಮಾರು 170 ಗ್ರಾಂ. ಅಂದಮೇಲೆ ಆಕಾಶನೌಕೆಯನ್ನು ಬೆಳಕಿನಿಂದ ಎಳೆತರುವ ಮಾತು ಕಥೆಯಾಗಿಯೇ ಉಳಿಯುವುದು ಲೇಸು.

ಇಲ್ಲಿಗೇ ನಿಲ್ಲಿಸಿ “ನೋಡಿದಿರಾ, ಸುಳ್ಳು” ಎಂದುಬಿಟ್ಟರೆ ಅರ್ಧ ಸತ್ಯವನ್ನು ಕಳೆದುಕೊಂಡಂತೆ. ಅದೇ “ಎಷ್ಟು?” ಪ್ರಶ್ನೆಯನ್ನು ಅತಿ ಸಣ್ಣ ವಸ್ತುಗಳಿಗೆ ಹಾಕಿದಾಗ ಉತ್ತರ ಬೇರೆಯಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಆರ್ಥರ್ ಆಶ್ಕಿನ್ ಎಂಬ ವಿಜ್ಞಾನಿ ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಗುಂಡುಗಳ ಮೇಲೆ ಲೇಸರ್ ಬಿಟ್ಟು ನೋಡಿದ. ಕಿರಣ ಅವನ್ನು ಮುಂದಕ್ಕೆ ತಳ್ಳುವುದಷ್ಟೇ ಅಲ್ಲ, ಅಂಚಿನಲ್ಲಿದ್ದವನ್ನು ತನ್ನ ನಡುವಿಗೆ ಸೆಳೆದುಕೊಳ್ಳುವುದನ್ನೂ ಕಂಡು 1970ರಲ್ಲಿ ಪ್ರಕಟಿಸಿದ. 1986ರಲ್ಲಿ ಆತನೂ ಸಂಗಡಿಗರೂ ಒಂದೇ ಲೇಸರ್ ಕಿರಣವನ್ನು ಮಸೂರದಿಂದ ಬಿಂದುವಿಗೆ ಕೂಡಿಸಿ, ಅಲ್ಲಿ ಕಣವನ್ನು ಹಿಡಿದು ನಿಲ್ಲಿಸಿದರು. ಮರುವರ್ಷ ಜೀವಂತ ಬ್ಯಾಕ್ಟೀರಿಯಾವನ್ನೇ ಹಿಡಿದರು. ಇದನ್ನು ಕನ್ನಡದಲ್ಲಿ ‘ಬೆಳಕಿನ ಚಿಮಟ’ ಎನ್ನಬಹುದು. ಇದಕ್ಕಾಗಿ 2018ರಲ್ಲಿ ಆಶ್ಕಿನ್‌ಗೆ ನೊಬೆಲ್ ಪಾರಿತೋಷಕದ ಅರ್ಧ ಭಾಗ ದೊರೆಯಿತು. ಆಗ ಆತನ ವಯಸ್ಸು 96! ತಾಳ್ಮೆಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಬೆಳಕು ಸೆಳೆಯುವುದು ಹೇಗೆ? ಹರಿಗೋಲಿನಲ್ಲಿ ಹುಟ್ಟು ಹಾಕುವವನು ನೀರನ್ನು ಹಿಂದಕ್ಕೆ ತಳ್ಳುತ್ತಾನೆ, ಹರಿಗೋಲು ಮುಂದಕ್ಕೆ ಹೋಗುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂದು ನ್ಯೂಟನ್ ಹೇಳಿದ್ದು ಇದನ್ನೇ. ಪಾರದರ್ಶಕ ಗುಂಡು ಸಣ್ಣ ಮಸೂರದಂತೆ ಬೆಳಕನ್ನು ಬಾಗಿಸುತ್ತದೆ. ಬೆಳಕು ಬಲಕ್ಕೆ ಬಾಗಿದರೆ ಗುಂಡು ಎಡಕ್ಕೆ ಸರಿಯಬೇಕು. ಓರೆಯಾಗಿ ಬಂದ ಬೆಳಕನ್ನು ಗುಂಡು ನೇರಮಾಡಿ ಮುಂದಕ್ಕೆ ಕಳಿಸಿದರೆ, ಗುಂಡು ಹಿಂದಕ್ಕೆ, ಅಂದರೆ ಬೆಳಕು ಬಂದ ಕಡೆಗೇ, ಸರಿಯಬಹುದು. ಜೆಕ್ ದೇಶದ ಬ್ರ್ನೊ ನಗರದ ಮತ್ತು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ವಿಜ್ಞಾನಿಗಳು 2013ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಆದರೆ ಎಳೆದದ್ದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಕಣಗಳನ್ನು.

ಮರುವರ್ಷ ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾಲಯದವರು 0.2 ಮಿಲಿಮೀಟರ್ ಗಾತ್ರದ ಟೊಳ್ಳು ಗಾಜಿನ ಗುಂಡನ್ನು 20 ಸೆಂಟಿಮೀಟರ್ ದೂರದವರೆಗೆ ಎಳೆದರು. ಅಲ್ಲಿ ಕೆಲಸ ಮಾಡಿದ್ದು ಬೆಳಕಿನ ಒತ್ತಡವಲ್ಲ. ಬೆಳಕು ಗುಂಡಿನ ಒಂದು ಮಗ್ಗುಲನ್ನು ಕಾಯಿಸಿತು, ಕಾದ ಮಗ್ಗುಲಿಗೆ ತಗುಲಿದ ಗಾಳಿಯ ಕಣಗಳು ರಭಸದಿಂದ ಚಿಮ್ಮಿ ಗುಂಡನ್ನು ಸರಿಸಿದವು. ಗಾಳಿಯಿಲ್ಲದ ಅಂತರಿಕ್ಷದಲ್ಲಿ ಈ ಉಪಾಯ ನಡೆಯದು. ಸುದ್ದಿಯ ತಲೆಬರಹದಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು! ಆದೋನಿಯ ಹತ್ತಿ ಕಾರ್ಖಾನೆಗಳಲ್ಲಿ ಬಿಸಿಲುಕೋಲಿನೊಳಗೆ ಹತ್ತಿಯ ಎಳೆಗಳು ತೇಲಾಡುವುದನ್ನು ನಮ್ಮ ಮಕ್ಕಳು ನೋಡಿರಬಹುದು. ಅವನ್ನು ತೇಲಿಸುವುದೂ ಗಾಳಿಯೇ, ಬೆಳಕು ತೋರಿಸುತ್ತದೆ ಅಷ್ಟೆ.

ಇಷ್ಟು ಚಿಕ್ಕ ಬಲದಿಂದ ಏನು ಪ್ರಯೋಜನ ಎಂದು ಪೋಷಕರು ಕೇಳಬಹುದು. ನಮ್ಮ ರಕ್ತದ ಕೆಂಪುಕಣದ ಅಗಲ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಏಳೆಂಟು ಭಾಗ ಮಾತ್ರ. ಯಾವ ಲೋಹದ ಚಿಮಟವೂ ಅದನ್ನು ನೋಯಿಸದೆ ಹಿಡಿಯಲಾರದು. ಒಂದು ವ್ಯಾಟಿನ ನೂರರಲ್ಲೊಂದು ಪಾಲು ಬೆಳಕು ಹಿಡಿಯಬಲ್ಲದು. ಕರ್ನಾಟಕದ ಮಣಿಪಾಲದಲ್ಲಿ ವಿಜ್ಞಾನಿಗಳು ಕೆಂಪುಕಣವನ್ನು ಹೀಗೆ ಬೆಳಕಿನಿಂದ ಹಿಡಿದು, ಅದರಿಂದ ಚೆದರಿದ ಬೆಳಕನ್ನು ರಾಮನ್ ಪರಿಣಾಮದ ಮೂಲಕ ಪರೀಕ್ಷಿಸಿ, ಕಣದ ಒಳಗಿನ ಬದಲಾವಣೆಗಳನ್ನು ಅಭ್ಯಾಸ ಮಾಡಿದ್ದಾರೆ. ಸರ್ ಸಿ. ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿ ಲೇಸರಿನ ಬಲದಿಂದ ಪರಮಾಣುಗಳ ಓಟವನ್ನೇ ತಡೆದು ಅತಿಶೀತಲಗೊಳಿಸುವ ಪ್ರಯೋಗಗಳು ನಡೆದಿವೆ.

ಆಕಾಶದಲ್ಲಿಯೂ ಈ ಚಿಕ್ಕ ಬಲವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. 1992ರ ಜುಲೈ 10ರಂದು ಉಡಾಯಿಸಿದ, ಭಾರತದಲ್ಲಿಯೇ ನಿರ್ಮಾಣವಾದ ಇನ್‌ಸಾಟ್-2ಎ ಉಪಗ್ರಹಕ್ಕೆ ಸೌರಫಲಕಗಳು ಒಂದೇ ಪಕ್ಕದಲ್ಲಿದ್ದವು. ಬಿಸಿಲಿನ ಒತ್ತಡ ಆ ಪಕ್ಕವನ್ನು ತಳ್ಳಿ ತಳ್ಳಿ ಉಪಗ್ರಹವನ್ನು ತಿರುಗಿಸದಂತೆ, ಇನ್ನೊಂದು ಪಕ್ಕದಲ್ಲಿ ಉದ್ದನೆಯ ಕೋಲಿನ ತುದಿಗೆ ಒಂದು ಹಾಯಿಯನ್ನು ಕಟ್ಟಿದ್ದರು. ಇನ್‌ಸಾಟ್ ಉಪಗ್ರಹಗಳನ್ನು ನೋಡಿಕೊಂಡ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಶೇಂಗಾ ಬೀಜಕ್ಕಿಂತ ಹಗುರವಾದ ಒತ್ತಡವೆಂದು ಅದನ್ನು ಅಲಕ್ಷಿಸಿದ್ದರೆ ನಮ್ಮ ಹವಾಮಾನದ ಚಿತ್ರಗಳ ಗತಿ ಏನಾಗುತ್ತಿತ್ತು?

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಗಡಿಯಾಚೆ ಉಳಿದಿರುವ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ: ಕನ್ನಡದಲ್ಲಿ ಓದಿದ ಮಗುವಿಗೆ ದೊಡ್ಡ ವಿಜ್ಞಾನ ನಿಲುಕೀತೇ? ಈ ಲೇಖನದ ಲೆಕ್ಕಗಳಿಗೆ ಗುಣಾಕಾರ, ಭಾಗಾಕಾರಗಳ ಹೊರತು ಏನೂ ಬೇಕಾಗಲಿಲ್ಲ. ಬಲ, ಸಂವೇಗ, ಪ್ರತಿಕ್ರಿಯೆ, ವಕ್ರೀಭವನ ಎಂಬ ಪದಗಳೆಲ್ಲ ಪ್ರೌಢಶಾಲೆಯ ಕನ್ನಡ ಪಠ್ಯದಲ್ಲಿಯೇ ಇವೆ. ನೊಬೆಲ್ ಪಾರಿತೋಷಕ ಪಡೆದ ವಿಚಾರದ ತಿರುಳು ಅವುಗಳಿಂದಲೇ ತಿಳಿಯುತ್ತದೆ. ಮುಂದೆ ಇಂಗ್ಲಿಷನ್ನು ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ “ಎಷ್ಟು?” ಎಂದು ಕೇಳುವ ಧೈರ್ಯ ಮನೆಮಾತಿನಲ್ಲಿ ಹುಟ್ಟದಿದ್ದರೆ ಬೇರೆ ಯಾವ ಭಾಷೆಯಲ್ಲಿಯೂ ಸುಲಭವಾಗಿ ಹುಟ್ಟಲಾರದು.

ಆದ್ದರಿಂದ ನಮ್ಮದೊಂದು ಸೂಚನೆ. ವಾರಕ್ಕೊಂದು ಸಲ, ಪ್ರತಿ ತರಗತಿಯ ಮಕ್ಕಳು ತಾವು ಕೇಳಿದ ಒಂದು ಅದ್ಭುತ ಸುದ್ದಿಯನ್ನೂ ಅದರ “ಎಷ್ಟು?” ಲೆಕ್ಕವನ್ನೂ ಬರೆದು ಶಾಲೆಯ ಫಲಕದ ಮೇಲೆ ಹಾಕಲಿ. ಲೆಕ್ಕ ತಪ್ಪಿದ್ದರೆ ಮೇಲಿನ ತರಗತಿಯವರು ತಿದ್ದಲಿ. ಪೋಷಕರಲ್ಲಿ ಎರಡು ಬಿನ್ನಹ. ಜಾತ್ರೆಯಲ್ಲಿ ಮಾರುವ ಲೇಸರ್ ಪೆನ್ನನ್ನು ಮಕ್ಕಳು ಯಾರ ಕಣ್ಣಿಗೂ ಬಿಡದಂತೆ ನೋಡಿಕೊಳ್ಳಿ. ಒಂದು ಹತ್ತಿಯ ಎಳೆಯನ್ನೂ ಎಳೆಯಲಾರದ ಆ ಬೆಳಕು ಕಣ್ಣಿನ ಪರದೆಗೆ ಹಾನಿಮಾಡಬಲ್ಲದು. ಎರಡನೆಯದು, ಮಗು ರಾತ್ರಿ ಊಟದ ಹೊತ್ತಿನಲ್ಲಿ ವಿಚಿತ್ರವಾದ ಪ್ರಶ್ನೆ ಕೇಳಿದರೆ ಗದರಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. “ಎಷ್ಟು ಅಂತ ಲೆಕ್ಕ ಹಾಕಿ ನಾಳೆ ನನಗೂ ಹೇಳು” ಎಂದರೆ ಸಾಕು.