ಆರು ಪೌಂಡಿನ ಸೀಟು

ಬ್ರಾಡ್‌ಫರ್ಡ್ ಸಿಟಿ ಫುಟ್‌ಬಾಲ್ ಕ್ಲಬ್ 2007-08ರ ಸೀಸನ್‌ಗೆ ಇಟ್ಟ ಟಿಕೆಟ್ ದರ 138 ಪೌಂಡ್. ಇಂಗ್ಲೆಂಡಿನ ನಾಲ್ಕನೇ ದರ್ಜೆಯಾದ ಲೀಗ್ ಟೂನಲ್ಲಿ ಒಂದು ತಂಡಕ್ಕೆ ತವರಿನಲ್ಲಿ 23 ಲೀಗ್ ಪಂದ್ಯಗಳು. ಭಾಗಿಸಿ ನೋಡಿದರೆ ಪಂದ್ಯಕ್ಕೆ ಆರೇ ಪೌಂಡ್. ಆಗ ಆ ಕ್ಲಬ್‌ನ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. 2001ರವರೆಗೂ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ ತಂಡ, ಎರಡು ಸಲ ದಿವಾಳಿಯ ಬಾಗಿಲಿಗೆ ಹೋಗಿ ಬಂದು, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿತ್ತು. ಸಾಲದ ಹೊರೆ ಇರುವಾಗ ಆಡಳಿತ ಮಂಡಳಿಗಳು ಸಾಮಾನ್ಯವಾಗಿ ಉಳಿದಿರುವ ಅಭಿಮಾನಿಗಳ ಜೇಬಿಗೇ ಕೈ ಹಾಕುತ್ತವೆ. ಇವರು ದರ ಇಳಿಸಿದರು. ಸುಮಾರು 25 ಸಾವಿರ ಜನ ಹಿಡಿಸುವ ವ್ಯಾಲಿ ಪರೇಡ್ ಮೈದಾನದಲ್ಲಿ ಆ ವರ್ಷದ ಸರಾಸರಿ ಹಾಜರಿ 13 ಸಾವಿರ ದಾಟಿತು. ಅದೇ ದರ್ಜೆಯ ಎಷ್ಟೋ ಕ್ಲಬ್‌ಗಳಿಗೆ ಐದು ಸಾವಿರ ಜನ ಸೇರಿಸುವುದೇ ದೊಡ್ಡ ಮಾತು.

ಸೀಸನ್ ಟಿಕೆಟ್ ಅಂದರೆ ಬರೀ ಸಗಟು ರಿಯಾಯಿತಿ ಅಲ್ಲ. ವರ್ಷವಿಡೀ ಅದೇ ಸಾಲು, ಅದೇ ಸೀಟು, ಪಕ್ಕದಲ್ಲಿ ಅದೇ ಮುಖಗಳು. ಮಳೆ ಸುರಿಯಲಿ, ತಂಡ ಸತತವಾಗಿ ಸೋಲಲಿ, ಹಣ ಮೊದಲೇ ಕಟ್ಟಿಯಾಗಿದೆ ಎಂಬ ಕಾರಣಕ್ಕಾದರೂ ಹೆಚ್ಚಿನವರು ಬರುತ್ತಾರೆ. ಬಂದು ಬಂದು ಅದು ರೂಢಿಯಾಗುತ್ತದೆ. ಕ್ಲಬ್‌ಗೂ ಮೊದಲ ಪಂದ್ಯ ಶುರುವಾಗುವ ಮುಂಚೆಯೇ ವರ್ಷದ ಖರ್ಚಿಗೆ ಕೈಯಲ್ಲಿ ದುಡ್ಡು. ಉಣ್ಣೆ ಗಿರಣಿಗಳು ಮುಚ್ಚಿ ಕಳೆಗುಂದಿದ ಬ್ರಾಡ್‌ಫರ್ಡ್‌ನಂಥ ಊರಿನಲ್ಲಿ ಇಬ್ಬರು ಮಕ್ಕಳನ್ನು ಪಂದ್ಯಕ್ಕೆ ಕರೆತರುವ ತಂದೆಗೆ ಈ ದರದ ಬೆಲೆ ಗೊತ್ತು. 2012-13ರ ಸೀಸನ್‌ನಲ್ಲಿ ಇದೇ ತಂಡ ಆರ್ಸೆನಲ್ ಮತ್ತು ಆಸ್ಟನ್ ವಿಲ್ಲಾ ತಂಡಗಳನ್ನು ಮಣಿಸಿ ಲೀಗ್ ಕಪ್ ಫೈನಲ್‌ಗೆ ಹೋಯಿತು. 2015ರಲ್ಲಿ ಲಂಡನ್ನಿಗೇ ಹೋಗಿ ಚೆಲ್ಸಿಯನ್ನು 4-2ರಿಂದ ಸೋಲಿಸಿತು. ಅದಾದ ಮೇಲೂ ಮುಂದಿನ ಸೀಸನ್‌ಗೆ ದರ 149 ಪೌಂಡ್ ಮಾತ್ರ. ಗೆಲುವಿನ ಅಮಲಿನಲ್ಲಿ ಬೆಲೆ ಏರಿಸದ ಆ ನಿರ್ಧಾರ ನನಗೆ 2007ರದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಆರು ಪೌಂಡ್ ಎಂಬ ಈ ಅಂಕಿಗೆ ಇನ್ನೊಂದು ನೋವಿನ ಹಿನ್ನೆಲೆಯಿದೆ. 1989ರಲ್ಲಿ ಹಿಲ್ಸ್‌ಬರೋ ಮೈದಾನದಲ್ಲಿ ನಡೆದ ನೂಕುನುಗ್ಗಲಿನ ದುರಂತ 97 ಲಿವರ್‌ಪೂಲ್ ಅಭಿಮಾನಿಗಳ ಜೀವ ತೆಗೆದುಕೊಂಡಿತು. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯ ವರದಿಯಲ್ಲಿ, ದೊಡ್ಡ ಮೈದಾನಗಳಲ್ಲಿ ನಿಂತು ನೋಡುವ ಪದ್ಧತಿ ಹೋಗಿ ಎಲ್ಲರಿಗೂ ಸೀಟು ಬರಬೇಕು ಎಂದರು. ಆ ನೆಪದಲ್ಲಿ ದರ ವಿಪರೀತ ಏರಬೇಕಾಗಿಲ್ಲ ಎಂದೂ ಅವರು ಹೇಳಿದ್ದರು. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ನಿಲ್ಲುವವರಿಗೆ ನಾಲ್ಕು, ಕೂರುವವರಿಗೆ ಆರು ಪೌಂಡ್ ಇರುವುದನ್ನು ಉದಾಹರಣೆಯಾಗಿ ಕೊಟ್ಟಿದ್ದರು. ಕ್ಲಬ್‌ಗಳು ವರದಿಯ ಸೀಟುಗಳನ್ನು ತೆಗೆದುಕೊಂಡವು, ದರದ ಮಾತನ್ನು ಬಿಟ್ಟವು. 2014ರ ಹೊತ್ತಿಗೆ ಆರ್ಸೆನಲ್‌ನ ಅತಿ ದುಬಾರಿ ಸೀಸನ್ ಟಿಕೆಟ್ ಎರಡು ಸಾವಿರ ಪೌಂಡ್ ಮೀರಿತ್ತು.

ಜನ ಸಹಿಸಿದರು, ಒಂದು ಹಂತದವರೆಗೆ. 2016ರ ಫೆಬ್ರುವರಿ 6ರಂದು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್, ಸಂಡರ್ಲೆಂಡ್ ವಿರುದ್ಧ 2-0 ಮುಂದಿತ್ತು. ಹೊಸ ಸ್ಟ್ಯಾಂಡ್‌ನ ಅತಿ ದುಬಾರಿ ಟಿಕೆಟ್‌ಗೆ ಮುಂದಿನ ಸೀಸನ್‌ನಿಂದ 77 ಪೌಂಡ್ ಎಂದು ಕ್ಲಬ್ ಪ್ರಕಟಿಸಿತ್ತು. 77ನೇ ನಿಮಿಷ ಬಂತು. ಸುಮಾರು ಹತ್ತು ಸಾವಿರ ಜನ ಎದ್ದರು, ಹಾಡುತ್ತ ಮೆಟ್ಟಿಲಿಳಿದರು, ಹೊರಗೆ ಹೋದರು. ಗೆಲ್ಲುತ್ತಿರುವ ತಂಡವನ್ನು ಬಿಟ್ಟು ಎದ್ದು ಹೋಗುವುದು ಅಭಿಮಾನಿಗೆ ಎಷ್ಟು ಕಷ್ಟ ಎಂದು ಮೈದಾನಕ್ಕೆ ಹೋಗುವವರಿಗೆ ಗೊತ್ತು. ಅವರು ಹೋದ ಮೇಲೆ ಸಂಡರ್ಲೆಂಡ್ ಎರಡು ಗೋಲು ಹೊಡೆಯಿತು, ಪಂದ್ಯ ಡ್ರಾ ಆಯಿತು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ದರ ಏರಿಕೆ ಹಿಂಪಡೆದರು. ಪ್ರೀಮಿಯರ್ ಲೀಗ್‌ಗೆ ಮೂರು ವರ್ಷಕ್ಕೆ 500 ಕೋಟಿ ಪೌಂಡ್ ಮೀರಿದ ಟಿವಿ ಒಪ್ಪಂದ ಆಗಲೇ ಕೈಗೆ ಬಂದಿತ್ತು ಎಂಬುದನ್ನು ನೆನಪಿಡಬೇಕು. ಟಿಕೆಟ್‌ನಲ್ಲಿ ಇನ್ನಷ್ಟು ಹಿಂಡದಿದ್ದರೆ ಕ್ಲಬ್ ನಡೆಯುತ್ತಿರಲಿಲ್ಲ ಎನ್ನುವ ವಾದಕ್ಕೆ ಅಲ್ಲಿ ಬುಡವೇ ಇರಲಿಲ್ಲ.

ಆ ಟಿವಿ ದುಡ್ಡು ಬರುವುದಾದರೂ ಯಾತಕ್ಕೆ? 2020ರ ಕೊರೊನಾ ಕಾಲದಲ್ಲಿ ಖಾಲಿ ಮೈದಾನದಲ್ಲಿ ಪಂದ್ಯಗಳು ನಡೆದಾಗ ಪ್ರಸಾರದವರು ಮೊದಲೇ ಮುದ್ರಿಸಿಟ್ಟ ಜನರ ಗದ್ದಲವನ್ನು ಹಾಕಬೇಕಾಯಿತು. ಆಟಗಾರರು ಅವರೇ, ಚೆಂಡು ಅದೇ, ನೋಡುವುದಕ್ಕೆ ಮಾತ್ರ ಸಪ್ಪೆ. ಗ್ಯಾಲರಿಯಲ್ಲಿ ಕೂತವನು ಪ್ರದರ್ಶನದ ಗಿರಾಕಿಯೂ ಹೌದು, ಪ್ರದರ್ಶನದ ಭಾಗವೂ ಹೌದು. ಅವನಿಂದ ದುಡ್ಡು ಕೀಳುವ ಮೊದಲು ಈ ಎರಡನೆಯ ಪಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್‌ನವರು ಇದನ್ನು ಅರಿತಿದ್ದಾರೆ. ಅಲ್ಲಿ ಸುಮಾರು 25 ಸಾವಿರ ಜನ ನಿಂತು ನೋಡುವ ದಕ್ಷಿಣ ಸ್ಟ್ಯಾಂಡ್ ಇಂದಿಗೂ ಇದೆ, ಸರಾಸರಿ ಹಾಜರಿ 80 ಸಾವಿರದ ಆಸುಪಾಸು. ಇಂಗ್ಲೆಂಡ್ ಮಾತ್ರ ಇನ್ನೂ ಪಾಠ ಕಲಿತಂತಿಲ್ಲ. 2024ರ ಕೊನೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಸೀಸನ್ ನಡುವೆಯೇ, ಸದಸ್ಯರಿಗೆ ಉಳಿದ ಟಿಕೆಟ್‌ಗಳ ದರವನ್ನು 66 ಪೌಂಡ್ ಮಾಡಿತು, ಮಕ್ಕಳಿಗೂ ವೃದ್ಧರಿಗೂ ರಿಯಾಯಿತಿ ಇಲ್ಲದೆ. ಎಂಟು ವರ್ಷದ ಹುಡುಗಿಗೆ 66 ಪೌಂಡ್ ಕೇಳಿದ ಕ್ಲಬ್, ಮೂವತ್ತು ವರ್ಷದ ನಂತರ ತನ್ನ ಗ್ಯಾಲರಿಯಲ್ಲಿ ಯಾರು ಕೂರುತ್ತಾರೆಂದು ಯೋಚಿಸಿರಲಿಲ್ಲ.

ಅಗ್ಗದ ಟಿಕೆಟ್‌ಗೆ ಒಂದು ನಿಜವಾದ ತೊಡಕಿದೆ. ಆರು ಪೌಂಡ್ ಕೊಟ್ಟವನು ಜನವರಿಯ ಚಳಿಯಲ್ಲಿ ಸುಲಭವಾಗಿ ಮನೆಯಲ್ಲೇ ಉಳಿಯುತ್ತಾನೆ. ಇಂಗ್ಲೆಂಡಿನ ಕ್ಲಬ್‌ಗಳು ಪ್ರಕಟಿಸುವ ಹಾಜರಿ ಸಾಮಾನ್ಯವಾಗಿ ಮಾರಾಟವಾದ ಟಿಕೆಟ್‌ಗಳ ಲೆಕ್ಕ. ಗೇಟು ದಾಟಿ ಬಂದವರ ಲೆಕ್ಕ ಬೇರೆ. ಹಾಗಾಗಿ ಘೋಷಿಸಿದ ಅಂಕಿಗೂ ಕಣ್ಣಿಗೆ ಕಾಣುವ ಖಾಲಿ ಸಾಲುಗಳಿಗೂ ತಾಳೆಯಾಗದ ದಿನಗಳುಂಟು. ಹಾಗೆಂದು ದರ ಏರಿಸುವುದು ಪರಿಹಾರವಲ್ಲ. ಬರಲಾಗದವನು ತನ್ನ ಸೀಟನ್ನು ಆ ದಿನಕ್ಕೆ ಕ್ಲಬ್ ಮೂಲಕವೇ ಇನ್ನೊಬ್ಬರಿಗೆ ಸುಲಭವಾಗಿ ಬಿಟ್ಟುಕೊಡುವಂತಿರಬೇಕು, ಅದೂ ಅಸಲು ದರದಲ್ಲೇ. ಬರುವವರ ಮನಸ್ಸು ಹಿಡಿಯುವ ಕೆಲಸವೂ ಕ್ಲಬ್‌ನದ್ದೇ.

ನಮ್ಮ ಬೆಂಗಳೂರು ಎಫ್‌ಸಿಯ ವಿಚಾರಕ್ಕೆ ಬಂದರೆ, ಈ ಚರ್ಚೆ ಇಲ್ಲಿ ಇನ್ನೂ ಎಳೆಯದು. 2013ರಲ್ಲಿ ಹುಟ್ಟಿ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದ ಈ ತಂಡಕ್ಕೆ ವೆಸ್ಟ್ ಬ್ಲಾಕ್ ಬ್ಲೂಸ್‌ನಂಥ ಅಭಿಮಾನಿ ಬಳಗ ಸಿಕ್ಕಿದ್ದು ಜಾಹೀರಾತಿನಿಂದಲ್ಲ. ಕಂಠೀರವ ಕ್ರೀಡಾಂಗಣದಲ್ಲಿ ಓಟದ ಟ್ರ್ಯಾಕ್ ನಡುವೆ ಬಂದು ಮೈದಾನವೇ ದೂರ. ಆ ದೂರವನ್ನು ತಮಟೆ, ಹಾಡು, ಕೂಗುಗಳಿಂದ ತುಂಬುವವರು ಅವರು. ಆದರೆ ಗೌತಮಪುರ, ಆಸ್ಟಿನ್ ಟೌನ್‌ನ ಗಲ್ಲಿಗಳಲ್ಲಿ ಬರಿಗಾಲಲ್ಲಿ ಚೆಂಡು ಒದೆಯುವ ಮಕ್ಕಳಲ್ಲಿ ಎಷ್ಟು ಮಂದಿ ವರ್ಷವಿಡೀ ಆ ಗ್ಯಾಲರಿಯಲ್ಲಿ ಕೂರಬಲ್ಲರು? ನಮ್ಮಲ್ಲಿ ಟಿಕೆಟ್ ಆದಾಯದಿಂದಲೇ ಕ್ಲಬ್ ನಡೆಯುವುದಿಲ್ಲ. ಪ್ರಾಯೋಜಕರು, ಮಾಲೀಕರ ದುಡ್ಡು ಅದರ ಆಧಾರ. ಹಾಗಿದ್ದ ಮೇಲೆ ಒಂದು ಇಡೀ ಸ್ಟ್ಯಾಂಡನ್ನು ಶಾಲಾ ಮಕ್ಕಳ ಸೀಸನ್ ಪಾಸ್‌ಗೆ ಮೀಸಲಿಟ್ಟು, ನಾಲ್ಕು ಮಸಾಲೆ ದೋಸೆಯ ಬೆಲೆಗೆ ಕೊಟ್ಟರೆ ಕ್ಲಬ್ ಕಳೆದುಕೊಳ್ಳುವುದು ಅತ್ಯಲ್ಪ. ಪಾಸ್ ಕ್ಲಬ್ ಕಚೇರಿಯಲ್ಲಿ ಸಿಕ್ಕರೆ ಸಾಲದು, ಶಾಲೆಯ ಬಾಗಿಲಿಗೇ ಬರಬೇಕು. ಜೊತೆಗೆ ಪ್ರತಿ ತವರು ಪಂದ್ಯದ ನಂತರ ಗೇಟು ದಾಟಿ ಒಳಬಂದವರ ನಿಜವಾದ ಅಂಕಿಯನ್ನು ಪ್ರಕಟಿಸಲಿ. ಮುಂದಿನ ಸೀಸನ್‌ನ ದರ ಗೊತ್ತುಮಾಡುವವರು ಆ ಅಂಕಿಯನ್ನು ಮುಂದಿಟ್ಟುಕೊಂಡು ಕೂರಲಿ.